ಬಾಲ್ಸಾ ವಿಮಾನಕ್ಕೆ ಯಾವ ಗಮ್ ಹಾಕೋದು?

ಪ್ರಶ್ನೆ: ಸರ್, ಬಾಲ್ಸಾ ಮರದಲ್ಲಿ ಸಣ್ಣ ಎಂಜಿನ್ ವಿಮಾನ ಮಾಡ್ತಿದೀನಿ. ಎಲ್ಲಾ ಕಡೆ ಇನ್‌ಸ್ಟಂಟ್ ಗಮ್ ಹಾಕಿದ್ರೆ ಸಾಕು ಅಂತಾರೆ, ನಿಜಾನಾ? ಫೆವಿಕಾಲ್ ಆಗಲ್ವಾ?

ಉತ್ತರ: ಖಂಡಿತ ಆಗುತ್ತೆ, ನಂಗಂತೂ ರೆಕ್ಕೆಯ ರಿಬ್ (ರೆಕ್ಕೆಗೆ ಆಕಾರ ಕೊಡೋ ಅಡ್ಡ ಪಟ್ಟಿ), ಸ್ಪಾರ್‌ಗೆಲ್ಲಾ (ರೆಕ್ಕೆಯ ಉದ್ದಕ್ಕೂ ಹೋಗೋ ಮುಖ್ಯ ಕಡ್ಡಿ) ಅದೇ ಇಷ್ಟ, ಯಾಕಂದ್ರೆ ನಿಧಾನಕ್ಕೆ ಒಣಗೋದ್ರಿಂದ ಪೀಸ್ ಸೊಟ್ಟ ಕೂತಿದ್ರೂ ಸರಿಮಾಡೋಕೆ ಟೈಮ್ ಸಿಗುತ್ತೆ. ಪ್ಲಾನ್ (ವಿಮಾನದ ನಕ್ಷೆ) ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಪಿನ್ ಚುಚ್ಚಿ, ರಾತ್ರಿಯಿಡೀ ಬಿಟ್ಬಿಡಿ. ಒಂದೇ ತೊಂದರೆ, ಒಣಗಿದ ಮೇಲೂ ರಬ್ಬರ್ ತರ ಇರುತ್ತೆ, ಸ್ಯಾಂಡ್‌ಪೇಪರ್‌ಗೆ ಸರಿಯಾಗಿ ಉಜ್ಜೋಕಾಗಲ್ಲ, ಅದಕ್ಕೆ ಹೊರಗೆ ಬಂದಿದ್ದನ್ನ ಹಸಿ ಇದ್ದಾಗ್ಲೇ ಒರೆಸಿ.

ಇನ್‌ಸ್ಟಂಟ್ ಗಮ್ ಅಂದ್ರೆ ಸಯನೋಅಕ್ರಿಲೇಟ್. ತೆಳು ಬಗೆಯದ್ದು ಜಾಯಿಂಟ್ ಬಿಗಿಯಾಗಿದ್ರೆ ಮಾತ್ರ ಒಳಗೆ ಹೀರ್ಕೊಂಡು ಹಿಡಿಯುತ್ತೆ, ಸಂದು ಇದ್ರೆ ದಪ್ಪದ್ದೇ ಬೇಕು. ಆದ್ರೆ ಎರಡೂ ಪೆಡಸು, ಜೋರಾಗಿ ಹೊಡೆತ ಬಿದ್ರೆ ಟಪ್ ಅಂತ ಬಿಟ್ಕೊಳ್ಳುತ್ತೆ. ಹೊಗೆ ಕಣ್ಣಿಗೆ ಉರಿ, ಕಿಟಕಿ ತೆಗೆದಿಡಿ, ಚೆಲ್ಲಿದ್ರೆ ಹತ್ತಿ ಬಟ್ಟೇಲಿ ಮಾತ್ರ ಒರೆಸಬೇಡಿ, ಹತ್ತಿಗೆ ತಾಗಿದ್ರೆ ಕೈ ಸುಡೋಷ್ಟು ಬಿಸಿ ಆಗುತ್ತೆ.

ಎಂಜಿನ್ ಕೂರೋ ಪ್ಲೈವುಡ್ ಹಲಗೆ (ಫೈರ್‌ವಾಲ್), ಲ್ಯಾಂಡಿಂಗ್ ಗೇರ್ (ಚಕ್ರದ ಕಾಲು), ಎರಡು ರೆಕ್ಕೆ ಸೇರೋ ಮಧ್ಯದ ಜಾಯಿಂಟ್, ಇಲ್ಲಿಗೆಲ್ಲಾ ದಯವಿಟ್ಟು ಅರಾಲ್ಡೈಟ್ ತರದ ಎಪಾಕ್ಸಿನೇ ಹಾಕಿ. ನಡುಕ, ಇಂಧನದ ಎಣ್ಣೆ ಎರಡನ್ನೂ ತಡಿಯುತ್ತೆ. 5 ನಿಮಿಷಕ್ಕೆ ಗಟ್ಟಿಯಾಗೋ ಎಪಾಕ್ಸಿಗಿಂತ ನಿಧಾನಕ್ಕೆ ಗಟ್ಟಿಯಾಗೋದು ಹೆಚ್ಚು ಬಲ. ಆದ್ರೆ ಎಪಾಕ್ಸಿ ಭಾರ, ಅದರಲ್ಲೂ ಬಾಲದಲ್ಲಿ ಜಾಸ್ತಿ ಹಾಕಿದ್ರೆ ಬ್ಯಾಲೆನ್ಸ್ ಮಾಡೋಕೆ ಮೂಗಿಗೆ ಅದರ ಎಷ್ಟೋ ಪಟ್ಟು ಸೀಸ ತುಂಬಬೇಕಾಗುತ್ತೆ, ಹಾಗಾಗಿ ಬಾಲದ ಕಡೆ ಫೆವಿಕಾಲ್‌ನೂ ತೆಳ್ಳಗೇ ಸವರಿ.