ಕೊಪ್ಪೆ ನೇತುಹಾಕಲು ಒಂದು ಮೊಳೆ

ಪುನರ್ವಸು ಮಳೆ ಜೋರಾಗಿ ಹಿಡಿದಿದ್ದ ಒಂದು ಶನಿವಾರ. ಬೆಳಗಿನ ಶಾಲೆ ಮುಗಿಸಿ, ಎರಡು ಬಸ್ ಬದಲಿಸಿ, ಮಧ್ಯಾಹ್ನ ಮೂರೂವರೆ ಹೊತ್ತಿಗೆ ಅವರು ಶಿವಮೊಗ್ಗದ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಬಂದರು. ಹೊಸನಗರದ ಕಡೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. 14 ವರ್ಷದ ಸರ್ವಿಸ್. ಇಲ್ಲಿ ಅವರನ್ನು ಸುಮಾ ಟೀಚರ್ ಎನ್ನುತ್ತೇನೆ. ಹೆಸರು, ಊರಿನ ಗುರುತು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಬರೆದದ್ದನ್ನು ಒಮ್ಮೆ ಓದಿಯೂ ನೋಡಿದ್ದಾರೆ.

ಕೂತ ಕೂಡಲೇ ಹೇಳಿದರು, "ಮೇಡಂ, ನಾನು ಟೀಚರ್ ಆಗಿರೋಕೆ ಲಾಯಕ್ಕಿಲ್ಲ ಅನ್ನಿಸ್ತಿದೆ." ಗಂಟಲು ಪೂರ್ತಿ ಕಟ್ಟಿತ್ತು. ಮಾತಿನ ಅರ್ಧ ಬರೀ ಗಾಳಿಯಾಗಿ ಹೋಗುತ್ತಿತ್ತು.

ನಡೆದದ್ದು ಇಷ್ಟು. ಹಿಂದಿನ ವಾರ ಒಂದು ಮಂಗಳವಾರ. ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಕೂತಿದ್ದರು. ಹತ್ತೂ ಇಪ್ಪತ್ತೈದಕ್ಕೆ ಎರಡನೇ ತರಗತಿಯ ಹುಡುಗನೊಬ್ಬ ಬಂದ. ಚಂದ್ರು ಅಂತ ಇಟ್ಟುಕೊಳ್ಳೋಣ. ತಲೆಯ ಮೇಲೆ ಮಳೆಗೆ ಹೊದ್ದ ಗೊಬ್ಬರ ಚೀಲದ ಕೊಪ್ಪೆ. ಅದನ್ನು ಎಲ್ಲಿಡಬೇಕು ಅಂತ ಗೊತ್ತಾಗದೆ ಹಾಗೇ ಒಳಗೆ ಬಂದ. ನೆಲದ ಮೇಲೆ ಹರಡಿದ್ದ ಕಾರ್ಡುಗಳ ಮೇಲೆಲ್ಲ ನೀರು ಸುರಿಯಿತು. "ದಿನಾ ನಿಂದೇ ಗೋಳು!" ಎಂದು ಕೂಗಿ, ಸುಮಾ ಟೀಚರ್ ಮರದ ಸ್ಕೇಲಿನಿಂದ ಅವನ ಅಂಗೈಗೆ ಎರಡು ಬಿಟ್ಟರು. ಹುಡುಗ ಅಳಲಿಲ್ಲ. ಮಧ್ಯಾಹ್ನ ಊಟದ ಗಂಟೆ ಹೊಡೆಯುವವರೆಗೆ ಬಾಗಿಲ ಬಳಿಯೇ ನಿಂತಿದ್ದ. ಮರುದಿನದಿಂದ ಶಾಲೆಗೆ ಬರಲಿಲ್ಲ.

ಸೋಮವಾರ ಅವನ ಅಜ್ಜಿ ಬಂದರು. "ಬೆಳಗಾಯ್ತು ಅಂದ್ರೆ ಹೊಟ್ಟೆನೋವು ಅಂತಾನೆ ಟೀಚರೇ. ನಿನ್ನೆ ಭಾನುವಾರ ಏನೂ ಇರ್ಲಿಲ್ಲ" ಎಂದರು. ದೂರು ಹೇಳಲಿಲ್ಲ. ಹೋಗುವಾಗ ಒಂದು ಕಟ್ಟು ಹಲಸಿನ ಹಪ್ಪಳ ಕೈಗಿಟ್ಟು ಹೋದರು. ಸುಮಾ ಟೀಚರಿಗೆ ಅವತ್ತಿನಿಂದ ನಿದ್ದೆ ಇಲ್ಲ. ಆ ಹಪ್ಪಳ ಇನ್ನೂ ಅಡುಗೆಮನೆಯ ಡಬ್ಬಿಯಲ್ಲಿ ಹಾಗೇ ಇದೆ ಎಂದರು.

ಮೊದಲ ಅರ್ಧ ಗಂಟೆ ನಾನು ತಪ್ಪು ದಾರಿ ಹಿಡಿದೆ. ಗಂಡನಿಗೆ ದಾವಣಗೆರೆಯಲ್ಲಿ ಕೆಲಸ, ಇವರದು ಒಬ್ಬರೇ ಬಾಡಿಗೆ ಮನೆ, ವರ್ಗಾವಣೆಗೆ ಮೂರು ವರ್ಷದಿಂದ ಕಾಯುತ್ತಿದ್ದಾರೆ. ಒಂಟಿತನವೇ ಸಿಟ್ಟಾಗಿ ಹೊರಬರುತ್ತಿದೆ ಅಂದುಕೊಂಡು ಅದನ್ನೇ ಕೇಳುತ್ತಾ ಹೋದೆ. ಅವರೇ ನನ್ನನ್ನು ನಿಲ್ಲಿಸಿದರು. "ಅದೆಲ್ಲ ಇದೆ ಮೇಡಂ. ಅದು ರಾತ್ರಿಯ ಅಳು. ಬೆಳಗಿಂದು ಬೇರೆ."

ಆಗ ಒಂದು ಹಾಳೆ, ಪೆನ್ಸಿಲ್ ಕೊಟ್ಟೆ. ನಿಮ್ಮ ತರಗತಿಯ ಚಿತ್ರ ಬರೆಯಿರಿ ಎಂದೆ. ಕಪ್ಪುಹಲಗೆ ಬರೆದರು, ತಮ್ಮ ಮೇಜು ಬರೆದರು. ಮಕ್ಕಳಿಗೆ ಒಂದೊಂದು ಸೊನ್ನೆ. ಎಲ್ಲ ಒಂದೇ ಥರ, ಹಲಗೆಯ ಕಡೆ ಮುಖ ಮಾಡಿ ಸಾಲಾಗಿ. ಬಾಗಿಲ ಹತ್ತಿರದ ಒಂದು ಸೊನ್ನೆಯನ್ನು ಮಾತ್ರ ತಿದ್ದಿ ತಿದ್ದಿ ಕಪ್ಪು ಮಾಡಿದ್ದರು. ತಿದ್ದಿದ್ದು ಅವರಿಗೇ ಗೊತ್ತಿರಲಿಲ್ಲ.

ಆಮೇಲೆ ಬೆಳಗ್ಗೆ ಹತ್ತರಿಂದ ಹನ್ನೊಂದರವರೆಗೆ ನಿಮಿಷ ನಿಮಿಷ ಲೆಕ್ಕ ಹಾಕಿದೆವು. ಪ್ರಾರ್ಥನೆ, ಪೇಪರ್ ಓದುವುದು, ಹಾಜರಿ, ಹಾಲು. ಅಷ್ಟರಲ್ಲಿ ಮೊಬೈಲಿನಲ್ಲಿ ಒಂದು ಮೆಸೇಜು, ಯಾವುದೋ ಅಂಕಿಅಂಶ ಈಗಲೇ ಕಳಿಸಿ ಅಂತ. ಶಾಲೆಗೆ ಇಬ್ಬರೇ ಶಿಕ್ಷಕರು. ಮುಖ್ಯ ಶಿಕ್ಷಕರು ಮೀಟಿಂಗಿಗೆ ಹೋದ ದಿನ ಒಂದರಿಂದ ಐದನೇ ತರಗತಿವರೆಗಿನ 31 ಮಕ್ಕಳೂ ಇವರ ಪಾಲಿಗೆ. ಪಾಠ ಶುರುವಾಗುವ ಹೊತ್ತಿಗೆ ಹತ್ತೂ ಮುಕ್ಕಾಲು.

"ಆ ಮುಕ್ಕಾಲು ಗಂಟೆಯಲ್ಲಿ ಮಕ್ಕಳು ಏನು ಮಾಡ್ತಿರ್ತಾರೆ?" ಎಂದು ಕೇಳಿದೆ.

ಸ್ವಲ್ಪ ಹೊತ್ತು ಯೋಚಿಸಿದರು. "ಸುಮ್ನೆ ಕೂತಿರಿ ಅಂತ ಹೇಳಿರ್ತೀನಿ."

ಆರು ವರ್ಷದ ಮಗು ಅಷ್ಟು ಹೊತ್ತು ಸುಮ್ಮನೆ ಕೂರುತ್ತದೆಯೇ? ಕೂರುವುದಿಲ್ಲ, ಕೂರಲೂಬಾರದು. ಅವು ಗಲಾಟೆ ಮಾಡುತ್ತವೆ, ಇವರು ಕೂಗುತ್ತಾರೆ. ಗಲಾಟೆ ಜಾಸ್ತಿಯಾದಷ್ಟೂ ದನಿ ಮೇಲಕ್ಕೆ ಹೋಗುತ್ತದೆ. ದಿನದ ಮೊದಲ ಪಾಠಕ್ಕೆ ಮುಂಚೆಯೇ ಗಂಟಲೂ ಹೋಯಿತು, ತಾಳ್ಮೆಯೂ ಹೋಯಿತು. ಚಂದ್ರು ಬಾಗಿಲಿಗೆ ಬರುತ್ತಿದ್ದದ್ದು ಸರಿಯಾಗಿ ಅದೇ ಹೊತ್ತಿಗೆ.

ಇನ್ನೊಂದು ವಿಷಯವೂ ಹೊರಗೆ ಬಂತು. ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸುವ ನಲಿ-ಕಲಿ ಇವರ ಜವಾಬ್ದಾರಿ. ಆದರೆ ಇವರು 12 ವರ್ಷ ದೊಡ್ಡ ಶಾಲೆಯಲ್ಲಿ ಆರು, ಏಳಕ್ಕೆ ಸಮಾಜ ವಿಜ್ಞಾನ ಹೇಳಿಕೊಟ್ಟವರು. ಕಾರ್ಡು, ಕಲಿಕಾ ಏಣಿ, ಗುಂಪಿನ ಗುರುತಿನ ತಟ್ಟೆ ಎಲ್ಲ ಕೋಣೆಯಲ್ಲಿ ಇದ್ದವು. ಪಾಠ ಮಾತ್ರ ಹಲಗೆಯ ಮುಂದೆ ನಿಂತು ಎಲ್ಲರಿಗೂ ಒಂದೇ. ಹಾಗಾಗಿ ತಡವಾಗಿ ಬಂದ ಮಗುವಿಗೆ ಪಾಠ ತಪ್ಪುತ್ತಿತ್ತು. ಅವನಿಗಾಗಿ ಮತ್ತೆ ಹೇಳಬೇಕಾಗುತ್ತಿತ್ತು. ಸಿಟ್ಟಿನ ಬೇರು ಒಂದು ಇಲ್ಲೇ ಇತ್ತು.

ನಲಿ-ಕಲಿ ಶುರುವಾದದ್ದು 1995ರಲ್ಲಿ, ಎಚ್.ಡಿ. ಕೋಟೆಯಲ್ಲಿ. ಅಲ್ಲಿನ ಶಿಕ್ಷಕರೇ ಕೂತು ಕಾರ್ಡು ಮಾಡಿದ್ದು. 2009-10ರಿಂದ ರಾಜ್ಯದ ಎಲ್ಲ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆ ಬಂತು. ಅದರ ತಿರುಳು ಸರಳ. ಮಗು ಏಣಿಯ ಯಾವ ಮೆಟ್ಟಿಲಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದಕ್ಕೆ ಹೋಗುತ್ತದೆ. ಎರಡು ದಿನ ಜ್ವರ ಬಂದು ತಪ್ಪಿಸಿಕೊಂಡರೂ ಅದರ ಕಾರ್ಡು ಅಲ್ಲೇ ಕಾಯುತ್ತಿರುತ್ತದೆ. ಹಳ್ಳ ಉಕ್ಕಿದರೆ ದಾರಿ ಮುಚ್ಚುವ ನಮ್ಮ ಮಲೆನಾಡಿನ ಮಕ್ಕಳಿಗೆ ಇದಕ್ಕಿಂತ ಒಳ್ಳೆಯದು ನನಗಂತೂ ಕಂಡಿಲ್ಲ. ಒಬ್ಬರೇ ಶಿಕ್ಷಕರಿದ್ದಾಗ ಅದನ್ನು ನಡೆಸುವುದು ಎಷ್ಟು ಕಷ್ಟ ಅಂತಲೂ ಗೊತ್ತು. ಅವರಿಗೆ ಹಾಗೇ ಹೇಳಿದೆ.

ಆದರೆ ದಿನಚರಿಯ ಮಾತಿಗೆ ಮುಂಚೆ ಹೊಡೆದ ಮಾತು ಮುಗಿಸಬೇಕಿತ್ತು. ನಾನು ಮೆತ್ತಗೆ ಮಾಡಿ ಹೇಳಲಿಲ್ಲ. "ನಿಮ್ಮ ಸುಸ್ತು ನನಗೆ ಅರ್ಥವಾಗುತ್ತೆ. ಹೊಡೆದದ್ದು ಮಾತ್ರ ತಪ್ಪೇ" ಎಂದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಅರ್ಧ ದಿನ ಬಾಗಿಲಲ್ಲಿ ನಿಲ್ಲಿಸಿದ್ದೂ ಅದರಲ್ಲಿ ಬರುತ್ತದೆ. ಮುಖ್ಯ ಶಿಕ್ಷಕರಿಗೆ ನೀವೇ ಹೇಳಿ, ಹುಡುಗನ ಮನೆಗೆ ನೀವೇ ಹೋಗಿ ಎಂದೆ. ತಲೆ ಆಡಿಸಿದರು.

ಏನು ಹೇಳಬೇಕು ಅಂತ ಅಲ್ಲೇ ಅಭ್ಯಾಸ ಮಾಡಿದೆವು. ಅವರ ಮೊದಲ ಪ್ರಯತ್ನ ಹೀಗಿತ್ತು: "ನೀನು ದಿನಾ ಲೇಟಾಗಿ ಬರ್ತಿದ್ದೆ ಅಲ್ವಾ, ಅದಕ್ಕೆ ಸಿಟ್ಟು ಬಂದು..." ನಿಲ್ಲಿಸಿದೆ. ಕ್ಷಮೆ ಕೇಳುವಾಗ "ಅದಕ್ಕೆ" ಅನ್ನುವ ಮಾತು ಬಂದರೆ ಭಾರ ಮತ್ತೆ ಮಗುವಿನ ತಲೆಗೇ ಹೋಗುತ್ತದೆ. ನಾಲ್ಕನೇ ಸಲಕ್ಕೆ ಸರಿ ಬಂತು. "ಚಂದ್ರು, ಅವತ್ತು ನಾನು ನಿನಗೆ ಹೊಡೆದೆ. ಅದು ನನ್ನ ತಪ್ಪು. ಇನ್ನು ಹೊಡೆಯಲ್ಲ. ನೀನು ಎಷ್ಟೊತ್ತಿಗೆ ಬಂದ್ರೂ ನಿನ್ನ ಜಾಗ ಇರುತ್ತೆ." ಇಷ್ಟೇ. ಎಲ್ಲರ ಎದುರು ಹೊಡೆದದ್ದರಿಂದ ತರಗತಿಯಲ್ಲೂ ಒಂದು ಸಲ ಹೇಳಿ, ಅದರ ಮೇಲೆ ಭಾಷಣ ಬೇಡ ಎಂದೆ.

ಮರುದಿನ ಭಾನುವಾರ ಸಂಜೆ ಫೋನ್ ಬಂತು. ದನಿ ಇನ್ನೂ ಒಡೆದೇ ಇತ್ತು. "ಮೇಡಂ, ಶಾಲೆಯಿಂದ ಅವರ ಮನೆಗೆ ನಾನೇ 50 ನಿಮಿಷ ತಗೊಂಡೆ. ಕಾಲಿಗೆ ನಾಲ್ಕು ಉಂಬಳ." ದಾರಿಯಲ್ಲಿ ಒಂದು ಹಳ್ಳ. ದಾಟಲು ಅಡಿಕೆ ಮರದ ದಬ್ಬೆ ಹಾಕಿದ ಕಾಲುಸಂಕ. ಮಳೆ ಜೋರಿದ್ದ ದಿನ ಹುಡುಗ ಒಬ್ಬನೇ ದಾಟುವಂತಿಲ್ಲ. ಅಜ್ಜ ಕೊಟ್ಟಿಗೆ ಕೆಲಸ ಮುಗಿಸಿ ಬಂದು ಕೈ ಹಿಡಿದು ದಾಟಿಸಬೇಕು. ಅಲ್ಲಿಯವರೆಗೆ ಅವನು ಚೀಲ ಹಾಕಿಕೊಂಡು ಜಗಲಿಯಲ್ಲಿ ಕಾಯುತ್ತಾ ಕೂತಿರುತ್ತಾನೆ. ಸಂಕದ ಮೇಲೆ ಟೀಚರ್ ಜಾರಿದರಂತೆ. ಅಜ್ಜ ರಟ್ಟೆ ಹಿಡಿದುಕೊಂಡರಂತೆ. ಕ್ಷಮೆ ಕೇಳಿದಾಗ ಹುಡುಗ ಏನೂ ಹೇಳದೆ ಅಜ್ಜಿಯ ಸೆರಗಿನ ಹಿಂದೆ ಹೋದ. ಬುಧವಾರ ಶಾಲೆಗೆ ಬಂದ.

ಆ ದಾರಿಯ ಬಗ್ಗೆ ಎರಡು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ ಅಂತ ಅವರು ಅತ್ತರು. ನಾನು ಅಳಲು ಬಿಟ್ಟೆ.

ಈಗ ದಿನಚರಿ. ಎಲ್ಲವನ್ನೂ ಬದಲಿಸೋದು ಬೇಡ, ಆ ಮುಕ್ಕಾಲು ಗಂಟೆಯನ್ನು ಮಾತ್ರ ಹಿಡಿಯೋಣ ಎಂದೆ. ಮೊದಲು ಬಂದದ್ದು ಮೊಳೆ. ಶಾಲೆಯ ಜಗಲಿಯ ಗೋಡೆಗೆ ಮಕ್ಕಳ ಎದೆಯೆತ್ತರದಲ್ಲಿ ಒಂದು ಮರದ ಪಟ್ಟಿ, ಅದರಲ್ಲಿ ಸಾಲಾಗಿ ಮೊಳೆ, ಕೆಳಗೆ ಹೆಸರು. ಕೊಡೆಯೋ ಕೊಪ್ಪೆಯೋ ಅಲ್ಲಿಗೆ. ಕಾಲು ಒರೆಸಲು ಗೋಣಿತಾಟು. ತೀರಾ ನೆನೆದವರಿಗೆ ಟ್ರಂಕಿನಲ್ಲಿ ಒಂದಷ್ಟು ಒಣಬಟ್ಟೆ. ಬಾಗಿಲ ಪಕ್ಕದಲ್ಲಿ ಪ್ರತಿ ಮಗುವಿಗೊಂದು ರಟ್ಟಿನ ಚೀಟಿ. ಒಂದು ಬದಿ ಮನೆಯ ಚಿತ್ರ, ಇನ್ನೊಂದು ಬದಿ ಶಾಲೆಯದು. ಬಂದವರು ತಿರುಗಿಸಿಟ್ಟು ಒಳಗೆ ಹೋಗುವುದು. ಅದನ್ನು ನೋಡಿ ಟೀಚರ್ ಹಾಜರಿ ಬರೆದುಕೊಳ್ಳುವುದು.

ಒಳಗೆ ಹೋದ ಮೇಲೆ ಒಂದೇ ಕೆಲಸ. ದಾರಿಯಲ್ಲಿ ಕಂಡ ಒಂದು ವಸ್ತುವನ್ನು ಸ್ಲೇಟಿನಲ್ಲಿ ಬರೆಯುವುದು. ಒಂದನೇ ತರಗತಿಯವರು ಚಿತ್ರ, ಎರಡನೆಯವರು ಚಿತ್ರಕ್ಕೆ ಹೆಸರು, ಮೂರನೆಯವರು ಒಂದು ವಾಕ್ಯ. ಇದನ್ನು ನಾನು ಯೋಚಿಸಿಯೇ ಆರಿಸಿದೆ. ದೂರದಿಂದ ಬರುವ ಮಗು ಎಲ್ಲರಿಗಿಂತ ಜಾಸ್ತಿ ನೋಡಿರುತ್ತದೆ. ಕೊನೆಯಲ್ಲಿ ಬಂದವನ ಹತ್ತಿರವೇ ಹೇಳಲು ಜಾಸ್ತಿ ಇರುತ್ತದೆ.

ಮೂರು ವಾರ ಇದನ್ನು ಒಂದು ಚೂರೂ ಬದಲಿಸಬೇಡಿ ಅಂತ ಕೇಳಿಕೊಂಡೆ. ಮುಂದೇನು ಅಂತ ಗೊತ್ತಿಲ್ಲದ ಮಗು ಟೀಚರ ಮುಖ ನೋಡುತ್ತಾ ಕೂರುತ್ತದೆ. ಗೊತ್ತಿದ್ದ ಮಗು ಕೆಲಸ ನೋಡುತ್ತದೆ.

ಗಂಟಲಿಗೆ ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಿ ಎಂದೆ, ಕಂಡರು. ಗಲಾಟೆಯ ಮೇಲೆ ಕೂಗುವ ಬದಲು ಒಂದೇ ಜಾಗದಲ್ಲಿ ನಿಂತು ಕೈ ಎತ್ತುವುದು, ಎಲ್ಲ ಕೈ ಮೇಲೆ ಬರುವವರೆಗೆ ಕಾಯುವುದು. ಮೊದಲ ದಿನ ಎರಡು ನಿಮಿಷ ಹಿಡಿಯಿತು. ಆ ಎರಡು ನಿಮಿಷ ಮೈಯೆಲ್ಲ ಉರಿಯಿತು ಎಂದರು. ಮೊಬೈಲು ಮಧ್ಯಾಹ್ನದ ಊಟದವರೆಗೆ ಬ್ಯಾಗಿನಲ್ಲಿ. ಮುಖ್ಯ ಶಿಕ್ಷಕರು ಒಪ್ಪಿದರು. ಆದರೂ ಒಂದು ದಿನ ಮಾಹಿತಿ ತಡವಾಯಿತು ಅಂತ ಮೇಲಿನಿಂದ ಬೈಸಿಕೊಂಡರು. ಅದಕ್ಕೆ ನನ್ನ ಹತ್ತಿರ ಔಷಧಿ ಇರಲಿಲ್ಲ. ನಿದ್ದೆ ಬಾರದ ರಾತ್ರಿಗಳಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ನಂಬರ್ ಬರೆದುಕೊಟ್ಟೆ. ಶನಿವಾರದವರೆಗೆ ನನಗಾಗಿ ಕಾಯಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಎರಡು ಸಲ ಮಾಡಿದರಂತೆ.

ಕೈಕೊಟ್ಟದ್ದೂ ಇದೆ. ಇವರು ಒಂದು ಗುಂಪಿನ ಜೊತೆ ಕೂತಾಗ ಉಳಿದವರನ್ನು ನೋಡಿಕೊಳ್ಳಲು ಮೂರನೇ ತರಗತಿಯ ಒಬ್ಬ ಹುಡುಗಿಯನ್ನು ನಾಯಕಿ ಮಾಡಿದ್ದರು. ನಾಲ್ಕನೇ ದಿನ ಇವರು ತಲೆ ಎತ್ತಿ ನೋಡಿದರೆ ಆ ಹುಡುಗಿ ಒಂದನೇ ತರಗತಿಯ ಮಗುವಿನ ಅಂಗೈಗೆ ಮರದ ಸ್ಕೇಲಿನಿಂದ ಹೊಡೆಯುತ್ತಿದ್ದಳು. "ದಿನಾ ನಿಂದೇ ಗೋಳು" ಅಂತ. ಅದೇ ರಾಗ. ಇದನ್ನು ಹೇಳುವಾಗ ಸುಮಾ ಟೀಚರ್ ನನ್ನ ಮುಖ ನೋಡಲಿಲ್ಲ.

ಹುಡುಗಿಯನ್ನು ಬೈಯಬೇಡಿ ಎಂದೆ. ಕಲಿತದ್ದನ್ನು ಅವಳು ಮಾಡಿದ್ದಾಳೆ. ನಾಯಕತ್ವ ವಾರಕ್ಕೊಬ್ಬರಿಗೆ ಬರಲಿ, ಕೆಲಸವೂ ಬದಲಾಗಲಿ. ಗುಂಪಿನಲ್ಲಿ ಓಡಾಡಿ "ಎಲ್ಲಿ ನಿಂತಿದೆ?" ಅಂತ ಕೇಳುವುದು, ಗೊತ್ತಿದ್ದರೆ ತೋರಿಸುವುದು, ಗೊತ್ತಿಲ್ಲದಿದ್ದರೆ ಟೀಚರನ್ನು ಕರೆಯುವುದು. ಆ ಸ್ಕೇಲನ್ನು ಬಚ್ಚಿಡುವುದೂ ಬೇಡ, ಮಕ್ಕಳ ಎದುರೇ ಅದರಿಂದ ಹಲಗೆಯ ಮೇಲೆ ಗೆರೆ ಎಳೆಯಿರಿ ಎಂದೆ.

ಐದನೇ ಭೇಟಿ ಸೆಪ್ಟೆಂಬರಿನಲ್ಲಿ. ಗಂಟಲು ಸುಮಾರಾಗಿತ್ತು. ನಿದ್ದೆ ಐದಾರು ತಾಸು ಬರುತ್ತಿತ್ತು. ಕಾರ್ಡುಗಳ ಕೆಲಸ ಇನ್ನೂ ಅರ್ಧಂಬರ್ಧ. ಪಕ್ಕದ ಶಾಲೆಯ ಹಳೆಯ ಶಿಕ್ಷಕಿಯೊಬ್ಬರ ತರಗತಿಯಲ್ಲಿ ಒಂದು ದಿನ ಕೂತು ನೋಡಿ ಬಂದಿದ್ದರು, ಅದರಿಂದ ಧೈರ್ಯ ಬಂದಿತ್ತು. ಹಪ್ಪಳ ಕರಿದು ತಿಂದೆ ಎಂದರು. ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಚಂದ್ರುವಿನ ಸ್ಲೇಟು. ಎರಡು ಗೆರೆ ಎಳೆದು ಸಂಕ, ಕೆಳಗೆ ಸುರುಳಿ ಸುರುಳಿ ನೀರು. ಸಂಕದ ಮೇಲೆ ಸೀರೆ ಉಟ್ಟ ಒಂದು ಆಕೃತಿ, ವಾಲಿಕೊಂಡಿದೆ. ಕೋಲಿನಂಥ ಕೈಯೊಂದು ಅದನ್ನು ಹಿಡಿದಿದೆ. ಕೆಳಗೆ ಬರೆದದ್ದು ಒಂದೇ ಪದ, 'ಟಿಚರ್'. ದೀರ್ಘ ಬಿಟ್ಟುಹೋಗಿತ್ತು. ತಿದ್ದಿಸಬೇಕಿತ್ತೇನೋ, ಮನಸ್ಸಾಗಲಿಲ್ಲ ಎಂದರು.

ಮಳೆ ಜೋರಿದ್ದ ದಿನ ಅವನು ಈಗಲೂ ಹತ್ತೂ ಕಾಲು, ಹತ್ತೂವರೆಗೇ ಬರುತ್ತಾನೆ. ಚೀಟಿ ತಿರುಗಿದ್ದನ್ನು ನೋಡಿದಾಗಲೇ ಬಂದದ್ದು ಗೊತ್ತಾಗುತ್ತದಂತೆ.

ಹೊರಡುವಾಗ ಇನ್ನೊಂದು ಕೇಳಿದರು. ಅಡಿಕೆ ಕೊಯ್ಲು ಶುರುವಾದರೆ ನಾಲ್ಕು, ಐದನೇ ತರಗತಿಯ ಮಕ್ಕಳು ರಾತ್ರಿ ಸುಲಿಯುವ ಮನೆಗಳಲ್ಲಿ ಎದ್ದಿದ್ದು, ಬೆಳಗ್ಗೆ ತರಗತಿಯಲ್ಲಿ ತೂಕಡಿಸುತ್ತಾರೆ, ಏನು ಮಾಡೋದು ಅಂತ. ಮುಂದಿನ ಭೇಟಿಗೆ ಅದನ್ನೇ ಇಟ್ಟುಕೊಂಡಿದ್ದೇವೆ.