ಹನ್ನೊಂದು ಆ್ಯಪ್, ಒಂದು ವರದಿ

ಸಲಹೆ ಕೇಳಿ ನನ್ನ ಹತ್ತಿರ ಬಂದಿದ್ದ ಒಬ್ಬರ ಕಥೆ ಇದು. ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಮೂವತ್ತು ದಾಟಿದ ಮಹಿಳೆ. ಮನೆಯಲ್ಲೇ ಕೂತು ಕಂಪನಿಯೊಂದಕ್ಕೆ ತರಬೇತಿ ಪಾಠ, ವರದಿ ಬರೆದುಕೊಡುವ ಕೆಲಸ. ಬಂದು ಕೂತವರೇ ಹೇಳಿದ ಮೊದಲ ಮಾತು: "ನಾನು ಸೋಮಾರಿ ಮೇಡಂ. ಯಾವ ಆ್ಯಪ್ ಹಾಕಿಕೊಂಡ್ರೂ ಉಪಯೋಗ ಆಗ್ತಿಲ್ಲ."

ಇಷ್ಟು ದುಡಿಯುವ ಸೋಮಾರಿಯನ್ನು ನಾನಂತೂ ನೋಡಿರಲಿಲ್ಲ. ಅವರ ಫೋನಿನಲ್ಲಿ ಹನ್ನೊಂದು ಆ್ಯಪ್ ಇದ್ದವು. ದಿನದ ಕೆಲಸಕ್ಕೆ ಟೊಡೊಯಿಸ್ಟ್, ದೊಡ್ಡ ಯೋಜನೆಗೆ ನೋಷನ್, ಅದು ಸಾಲದು ಅಂತ ಟ್ರೆಲ್ಲೊ, ಚೂರುಪಾರು ಟಿಪ್ಪಣಿಗೆ ಗೂಗಲ್ ಕೀಪ್, ಗಮನ ಕದಲದಿರಲಿ ಅಂತ ಪರದೆಯ ಮೇಲೆ ಮರ ಬೆಳೆಸುವ ಫಾರೆಸ್ಟ್. ಭಾನುವಾರ ಬಂದರೆ ಮೂರು ತಾಸು ಪಟ್ಟಿಯನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುವುದು, ಬಣ್ಣ ಕೊಡುವುದು, ಲೇಬಲ್ ಹಚ್ಚುವುದು. ಸೋಮವಾರ ಪಟ್ಟಿ ಲಕಲಕ ಅನ್ನುತ್ತದೆ. ಮಂಗಳವಾರ ಅದನ್ನು ತೆರೆಯಲೂ ಭಯ.

ಚಿಕ್ಕಂದಿನಿಂದಲೂ ಗಮನದ ತೊಂದರೆ ಇತ್ತಾ, ನಿದ್ದೆ ಹೇಗಿದೆ, ಮನಸ್ಸು ಕುಗ್ಗಿದೆಯಾ ಅಂತ ಮೊದಲು ವಿಚಾರಿಸಿದೆ. ಹಾಗೇನಾದರೂ ಇದ್ದರೆ ವೈದ್ಯರ ಹತ್ತಿರ ಕಳಿಸಬೇಕಾಗುತ್ತದೆ. ಅಂಥದ್ದೇನೂ ಕಾಣಲಿಲ್ಲ.

ಲ್ಯಾಪ್‌ಟಾಪ್ ತೋರಿಸಿ ಅಂದೆ. ಬ್ರೌಸರ್‌ನಲ್ಲಿ ನೂರಕ್ಕೂ ಜಾಸ್ತಿ ಟ್ಯಾಬ್ ಇದ್ದವು, ಮೇಲಂಚಿನಲ್ಲಿ ಇರುವೆ ಸಾಲಿನ ಹಾಗೆ. ಯಾವುದರ ಹೆಸರೂ ಓದಲು ಬರುತ್ತಿರಲಿಲ್ಲ. ಯಾಕೆ ಮುಚ್ಚಲ್ಲ ಅಂತ ಕೇಳಿದರೆ, "ಮುಚ್ಚಿದ್ರೆ ಮರೆತೇ ಹೋಗುತ್ತೆ" ಅಂದರು. ಆಮೇಲೆ ತಾವಾಗಿಯೇ ಒಂದು ಸಂಗತಿ ಹೇಳಿದರು. ಮುಂದೆ ಓದೋಣ ಅಂತ ನೂರಾರು ಲೇಖನಗಳನ್ನು ಪಾಕೆಟ್ ಅನ್ನುವ ಆ್ಯಪ್‌ನಲ್ಲಿ ಎತ್ತಿಟ್ಟಿದ್ದರಂತೆ. 2025ರ ಜುಲೈನಲ್ಲಿ ಆ ಸೇವೆಯೇ ನಿಂತುಹೋಯಿತು. "ಬೇಜಾರಾಗಬೇಕಿತ್ತು ಅಲ್ವಾ? ನನಗೆ ತಲೆ ಮೇಲಿನ ಹೊರೆ ಇಳಿದ ಹಾಗಾಯ್ತು."

ನನಗೆ ದಾರಿ ಸಿಕ್ಕಿದ್ದು ಇಲ್ಲೇ. ಎತ್ತಿಟ್ಟದ್ದು ಹೋದಾಗ ಹಗುರ ಆಯಿತು ಅಂದರೆ, ಅವರು ಅಲ್ಲಿ ಎತ್ತಿಟ್ಟಿದ್ದು ಬರೀ ಲೇಖನ ಅಲ್ಲ, ಅಪರಾಧಿ ಭಾವ ಕೂಡ.

ಹಾಗಾದರೆ ಪಟ್ಟಿಯಲ್ಲಿ ಎಲ್ಲಕ್ಕಿಂತ ಹಳೆಯ ಕೆಲಸ ಯಾವುದು? ಹುಡುಕಿದರು. 'ವರದಿ' ಅಂತ ಒಂದೇ ಪದ. ಏಳು ವಾರದಿಂದ ಆ್ಯಪ್‌ನಿಂದ ಆ್ಯಪ್‌ಗೆ ವಲಸೆ ಹೋಗುತ್ತಿತ್ತು. ಅದರ ಮೊದಲ ಕರಡನ್ನು ಮೇಲಿನವರು 38 ಟಿಪ್ಪಣಿ ಹಾಕಿ ವಾಪಸ್ ಕಳಿಸಿದ್ದರು. ಅಂದಿನಿಂದ ಇವರು ಆ ಕಡತ ತೆರೆದೇ ಇಲ್ಲ. ಈಗ ಇಲ್ಲೇ ತೆರೆಯೋಣವಾ ಅಂದಾಗ ಕೈ ಮೌಸ್ ಮೇಲೆ ಹಾಗೇ ನಿಂತಿತು. ಕೊನೆಗೆ ತೆರೆದರು. ಇಬ್ಬರೂ ಸುಮ್ನೆ ಎಣಿಸಿದೆವು. ಹೆಚ್ಚಿನವು ಅಲ್ಪವಿರಾಮ, ಕಾಗುಣಿತ, ಪದ ಬದಲಿಸಿ ಅನ್ನುವಂಥವು. ನಿಜವಾಗಿ ತಲೆ ಕೆಡಿಸುವಂಥವು ಆರು.

ಆರು ಕಡಿಮೆ ಅಂತ ನಾನು ಹೇಳಲಿಲ್ಲ. ಅದರಲ್ಲೊಂದು ನಿಜಕ್ಕೂ ಚುಚ್ಚುವ ಹಾಗಿತ್ತು.

ಕೊಟ್ಟ ಸಲಹೆ ದೊಡ್ಡದೇನಲ್ಲ. ಒಂದು ಪಟ್ಟಿ, ಒಂದು ಕ್ಯಾಲೆಂಡರ್ ಇಟ್ಟುಕೊಳ್ಳಿ, ಯಾವ ಆ್ಯಪ್ ಅನ್ನುವುದು ನಿಮಗೇ ಬಿಟ್ಟಿದ್ದು ಅಂದೆ. ಅವರು ಟೊಡೊಯಿಸ್ಟ್ ಉಳಿಸಿಕೊಂಡರು. 'ವರದಿ' ಅನ್ನುವ ಪದವನ್ನು ಅಳಿಸಿಸಿದೆ. ಅದರ ಜಾಗದಲ್ಲಿ 'ನಾಳೆ ಹತ್ತಕ್ಕೆ, ಮೊದಲ ಪುಟದ ಕಾಗುಣಿತ ತಿದ್ದುವುದು' ಅಂತ ಬರೆಸಿದೆ. ಮುಗಿಯದ ಕೆಲಸ ತಲೆಯಲ್ಲಿ ಕೊರೆಯುತ್ತಲೇ ಇರುತ್ತದೆ. ಯಾವಾಗ, ಹೇಗೆ ಮಾಡುವುದು ಅಂತ ಖಚಿತವಾಗಿ ಗೊತ್ತುಮಾಡಿಕೊಂಡರೆ, ಕೆಲಸ ಇನ್ನೂ ಬಾಕಿ ಇದ್ದರೂ ಆ ಕೊರೆತ ಇಳಿಯುತ್ತದೆ ಅಂತ 2011ರಲ್ಲಿ ಪ್ರಕಟವಾದ ಮನೋವಿಜ್ಞಾನದ ಪ್ರಯೋಗಗಳು ತೋರಿಸಿವೆ. ಬರೀ 'ವರದಿ' ಅಂತ ಬರೆದರೆ ಅದು ಯೋಜನೆ ಅಲ್ಲ, ಬೆದರಿಕೆ.

ಟ್ಯಾಬ್‌ಗಳಿಗೆ ಒನ್‌ಟ್ಯಾಬ್ ಅನ್ನುವ ಎಕ್ಸ್‌ಟೆನ್ಷನ್, ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ಸಾಧನ, ಹಾಕಿಸಿದೆ. ಒಂದು ಕ್ಲಿಕ್‌ಗೆ ಎಲ್ಲವೂ ಒಂದೇ ಪುಟದಲ್ಲಿ ಕೊಂಡಿಗಳ ಪಟ್ಟಿಯಾಗಿ ಕೂರುತ್ತವೆ. ಮರೆಯುವ ಭಯವೂ ಇಲ್ಲ, ಕಣ್ಣಿಗೆ ಕುಟುಕುವುದೂ ಇಲ್ಲ. ಒಂದು ಎಚ್ಚರಿಕೆ: ಆ ಪಟ್ಟಿ ನಿಮ್ಮ ಕಂಪ್ಯೂಟರ್‌ನಲ್ಲೇ ಇರುತ್ತದೆ, ಎಕ್ಸ್‌ಟೆನ್ಷನ್ ತೆಗೆದುಹಾಕಿದರೆ ಅದೂ ಹೋಗುತ್ತದೆ. ಬೇಕಾದದ್ದನ್ನು ಬುಕ್‌ಮಾರ್ಕ್ ಮಾಡಿಕೊಳ್ಳಿ.

ಕೆಲಸದ ನಡುವೆ ಸುದ್ದಿ ತಾಣಗಳಿಗೆ ಹಾರುವ ಅಭ್ಯಾಸವೂ ಇತ್ತು. ಪೂರ್ತಿ ತಡೆ ಹಾಕಿದರೆ ಅದನ್ನು ಮುರಿಯುವುದೇ ಒಂದು ಆಟ ಆಗಿಬಿಡುತ್ತದೆ. ಲೀಚ್‌ಬ್ಲಾಕ್ ಅನ್ನುವ ಇನ್ನೊಂದು ಎಕ್ಸ್‌ಟೆನ್ಷನ್‌ನಲ್ಲಿ ತಾಣವನ್ನು ತಡೆಯದೆ, ತೆರೆಯುವ ಮುಂಚೆ ಸ್ವಲ್ಪ ಹೊತ್ತು ಕಾಯಿಸುವ ಆಯ್ಕೆ ಇದೆ. ನನಗೆ ಇಷ್ಟ ಅದೇ. ಕಾಯುವಾಗ, ಈಗ ಯಾವ ಸಾಲು ಬಿಟ್ಟು ಓಡಿ ಬಂದೆ ಅಂತ ನೋಡಿಕೊಳ್ಳಿ ಅಂದೆ.

ಜೊತೆಗೆ 25 ನಿಮಿಷದ ಟೈಮರ್, 5 ನಿಮಿಷ ಬಿಡುವು. ಇದು ಪೊಮೊಡೊರೊ ವಿಧಾನ. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ಓದಲು ಕೂರಲಾಗದೆ ಟೊಮೇಟೊ ಆಕಾರದ ಅಡುಗೆಮನೆ ಗಡಿಯಾರ ಇಟ್ಟುಕೊಂಡು ಶುರು ಮಾಡಿದ್ದು. ಆ ಗಡಿಯಾರಕ್ಕೆ ಲೇಬಲ್ ಹಚ್ಚುವ ಸೌಲಭ್ಯ ಇರಲಿಲ್ಲ ಅಂದಾಗ ಅವರು ಮೊದಲ ಸಲ ನಕ್ಕರು. ಅವರಿಗೆ 25 ಕೂಡ ಜಾಸ್ತಿ ಆಯಿತು. ಹತ್ತರಿಂದ ಶುರು ಮಾಡಿದೆವು.

ಮೂರನೇ ವಾರ ಎಡವಿದರು. ಚುಚ್ಚುವ ಆ ಟಿಪ್ಪಣಿ ಎದುರಾದ ದಿನ ಇಡೀ ಸಂಜೆ ಟೊಡೊಯಿಸ್ಟ್‌ನ ಬಣ್ಣ ಬದಲಿಸುತ್ತಾ ಕೂತಿದ್ದರಂತೆ. ನಾನು ಬೈಯಲಿಲ್ಲ. ಆ ಟಿಪ್ಪಣಿ ಹಾಕಿದವರಿಗೆ ಫೋನ್ ಮಾಡಿ, ನೀವು ಹೇಳಿದ್ದು ಸರಿಯಾಗಿ ಅರ್ಥ ಆಗಲಿಲ್ಲ ಅಂತ ನೇರವಾಗಿ ಕೇಳಲು ಆಗುತ್ತಾ ಅಂತ ಕೇಳಿದೆ. ಏನು ಮಾತಾಡಬೇಕು ಅಂತ ಇಲ್ಲೇ ಎರಡು ಸಲ ಆಡಿ ನೋಡಿದೆವು. ಮಾತು ನಾಲ್ಕು ನಿಮಿಷದಲ್ಲಿ ಮುಗಿಯಿತಂತೆ.

ಗಡುವಿಗಿಂತ ಎರಡು ದಿನ ತಡವಾಗಿ ವರದಿ ಹೋಯಿತು.

ಕೊನೆಯ ಭೇಟಿಯಲ್ಲಿ ಫೋನ್ ನನ್ನ ಕಡೆ ತಿರುಗಿಸಿ, ಸ್ವಲ್ಪ ಸಂಕೋಚದಿಂದಲೇ ಹೊಸ ಆ್ಯಪ್ ಒಂದನ್ನು ತೋರಿಸಿದರು. "ಹಾಕಿಕೊಂಡಿದ್ದೀನಿ ಮೇಡಂ. ಆದ್ರೆ ಇನ್ನೂ ಏನೂ ಬರೆದಿಲ್ಲ."