ಕಾಯ್ದೆ ಬರೆದವರೇ ನ್ಯಾಯಪೀಠಕ್ಕೆ ಬಂದಾಗ

ಪ್ರಶ್ನೆ: ಅಮೆರಿಕದ ಮೂರನೆಯ ಮುಖ್ಯ ನ್ಯಾಯಮೂರ್ತಿ ಆಲಿವರ್ ಎಲ್ಸ್‌ವರ್ತ್ ಅವರು ಅದಕ್ಕೂ ಮೊದಲು ಸೆನೆಟ್ ಸದಸ್ಯರಾಗಿದ್ದು, ನ್ಯಾಯಾಲಯಗಳ ಕಾಯ್ದೆಯನ್ನು ರೂಪಿಸಿದವರಲ್ಲಿ ಪ್ರಮುಖರೆಂದು ಓದಿದೆ. ತಾವೇ ಮಾಡಿದ ಕಾನೂನನ್ನು ತಾವೇ ಅರ್ಥೈಸುವುದಕ್ಕೆ ಅಡ್ಡಿಯಿರಲಿಲ್ಲವೇ?

ಉತ್ತರ: ಇರಲಿಲ್ಲ. ಅಮೆರಿಕದ ಸಂವಿಧಾನ ನಿಷೇಧಿಸಿದ್ದು ಕಾಂಗ್ರೆಸ್ಸಿನ (ಅಲ್ಲಿನ ಸಂಸತ್ತಿನ) ಸದಸ್ಯತ್ವವನ್ನೂ ಒಕ್ಕೂಟ ಸರ್ಕಾರದ ಹುದ್ದೆಯನ್ನೂ ಏಕಕಾಲದಲ್ಲಿ ಹೊಂದುವುದನ್ನು; ಒಂದನ್ನು ತೊರೆದು ಮತ್ತೊಂದಕ್ಕೆ ಹೋಗುವ ದಾರಿ ಸಾಮಾನ್ಯವಾಗಿ ತೆರೆದೇ ಇತ್ತು. ಹೊಸ ದೇಶದಲ್ಲಿ ಕಾನೂನು ಬಲ್ಲವರ ಸಂಖ್ಯೆ ಚಿಕ್ಕದಾಗಿದ್ದುದರಿಂದ ಒಬ್ಬರೇ ಹಲವು ಹೊಣೆ ಹೊರುವುದು ಆಗ ಸಾಮಾನ್ಯವಾಗಿತ್ತು. ಕನೆಕ್ಟಿಕಟ್‌ನ ವಿಂಡ್ಸರ್‌ನಲ್ಲಿ 1745ರಲ್ಲಿ ಹುಟ್ಟಿದ ಎಲ್ಸ್‌ವರ್ತ್, ವಕೀಲಿಯಲ್ಲಿ ಹೆಸರು ಮಾಡಿ, ಆ ರಾಜ್ಯದ ಸುಪೀರಿಯರ್ ಕೋರ್ಟಿನ ನ್ಯಾಯಾಧೀಶರಾಗಿದ್ದಾಗಲೇ 1787ರಲ್ಲಿ ಫಿಲಡೆಲ್ಫಿಯದ ಸಂವಿಧಾನ ಸಭೆಗೆ ಹೋದರು.

ಅವರ ನಿಜವಾದ ಕೊಡುಗೆ 1789ರ ನ್ಯಾಯಾಂಗ ಕಾಯ್ದೆ. ಆರು ಮಂದಿ ನ್ಯಾಯಮೂರ್ತಿಗಳ ಸುಪ್ರೀಂ ಕೋರ್ಟ್, ಬುಡದಲ್ಲಿ 13 ಜಿಲ್ಲಾ ನ್ಯಾಯಾಲಯಗಳು, ನಡುವೆ ಸರ್ಕ್ಯೂಟ್ ನ್ಯಾಯಾಲಯಗಳು ಎಂಬ ವ್ಯವಸ್ಥೆಯನ್ನು ಕಟ್ಟಿದ್ದು ಈ ಕಾಯ್ದೆ. 1796ರ ಮಾರ್ಚ್‌ನಲ್ಲಿ ಅವರು ಸೆನೆಟ್ ಬಿಟ್ಟು ಮುಖ್ಯ ನ್ಯಾಯಮೂರ್ತಿಯಾದಾಗ ಸುಪ್ರೀಂ ಕೋರ್ಟಿನ ಮುಂದಿದ್ದುದು ಹಿಲ್ಟನ್ ಮೊಕದ್ದಮೆ. ಪ್ರಶ್ನೆಗೊಳಗಾಗಿದ್ದುದು ಅವರು ಸೆನೆಟ್‌ನಲ್ಲಿದ್ದಾಗ, 1794ರಲ್ಲಿ, ಕಾಂಗ್ರೆಸ್ ವಿಧಿಸಿದ್ದ ಸಾರೋಟುಗಳ ತೆರಿಗೆ. ಅವರು ತೀರ್ಪಿನಲ್ಲಿ ಭಾಗವಹಿಸಲಿಲ್ಲ. ಆದರೆ ಕೊಟ್ಟ ಕಾರಣ ತಮ್ಮ ಸೆನೆಟ್ ಸದಸ್ಯತ್ವವಲ್ಲ, ವಾದವನ್ನು ಪೂರ್ತಿ ಕೇಳಿಲ್ಲವೆಂಬುದು. ಆ ಕಾಲದ ಮನೋಭಾವ ಇದರಲ್ಲೇ ಕಾಣುತ್ತದೆ. ಅದೇ ವರ್ಷ ವಿಸ್ಕಾರ್ಟ್ ಮೊಕದ್ದಮೆಯಲ್ಲಂತೂ, ತಾವೇ ರೂಪಿಸಿದ 1789ರ ಕಾಯ್ದೆಯ ಪ್ರಕಾರ ಸುಪ್ರೀಂ ಕೋರ್ಟ್ ಕೆಳ ನ್ಯಾಯಾಲಯ ನಿರ್ಣಯಿಸಿದ ಸಂಗತಿಗಳನ್ನು ಮತ್ತೆ ಕೆದಕದೆ ಕಾನೂನಿನ ದೋಷವನ್ನಷ್ಟೇ ಪರಿಶೀಲಿಸಬೇಕೆಂದು ಅವರೇ ತೀರ್ಪಿತ್ತರು. ಜೊತೆಯ ನ್ಯಾಯಮೂರ್ತಿ ಜೇಮ್ಸ್ ವಿಲ್ಸನ್ ಇದನ್ನು ಒಪ್ಪದೆ ಭಿನ್ನಮತ ಬರೆದರು.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಆಕ್ಷೇಪಾರ್ಹವಾದುದು 1799ರ ಪ್ರಸಂಗ. ಮುಖ್ಯ ನ್ಯಾಯಮೂರ್ತಿಯ ಹುದ್ದೆಯಲ್ಲಿದ್ದುಕೊಂಡೇ ಅವರು ಅಧ್ಯಕ್ಷ ಜಾನ್ ಆಡಮ್ಸ್ ಅವರ ರಾಯಭಾರಿಯಾಗಿ ಫ್ರಾನ್ಸ್‌ಗೆ ತೆರಳಿದರು. ನ್ಯಾಯಾಂಗದ ಮುಖ್ಯಸ್ಥರು ಕಾರ್ಯಾಂಗದ ಕೆಲಸಕ್ಕೆ ನಿಂತದ್ದನ್ನು ಸಂವಿಧಾನವೂ ತಡೆಯಲಿಲ್ಲ. 1800ರಲ್ಲಿ ಒಪ್ಪಂದವೇನೋ ಆಯಿತು. ಆದರೆ ಆರೋಗ್ಯ ಕೆಟ್ಟು, ಅಲ್ಲಿಂದಲೇ ರಾಜೀನಾಮೆ ಕಳುಹಿಸಿದರು. ಅವರ ಸ್ಥಾನಕ್ಕೆ ಬಂದ ಜಾನ್ ಮಾರ್ಷಲ್, 1803ರ ಮಾರ್ಬರಿ ತೀರ್ಪಿನಲ್ಲಿ ಅದೇ 1789ರ ಕಾಯ್ದೆಯ 13ನೆಯ ಸೆಕ್ಷನ್ನಿನ ಒಂದು ಅಂಶವನ್ನು ಸಂವಿಧಾನಬಾಹಿರವೆಂದು ಘೋಷಿಸಿದರು.